ಸುದ್ದಿಯ ಪಕ್ಷಪಾತ: ತರಗತಿಯಲ್ಲಿ ಬೆರಳಿಟ್ಟು ತೋರಿಸುವುದನ್ನು ಕಲಿಸುವ ಬಗೆ

"ಆ ಚಾನೆಲ್ ಪಕ್ಷಪಾತಿ" ಎನ್ನಲು ಯಾವ ವಿದ್ಯಾರ್ಥಿಗೂ ಪಾಠ ಬೇಕಿಲ್ಲ. ದಿನಕ್ಕೆ ಹತ್ತು ಸಲ ಆ ಮಾತು ಅವರ ಕಿವಿಗೆ ಬೀಳುತ್ತಿರುತ್ತದೆ. ಪಾಠ ಬೇಕಾಗುವುದು ಅದರ ಮುಂದಿನ ಪ್ರಶ್ನೆಗೆ: ಎಲ್ಲಿದೆ, ತೋರಿಸು. ಎಷ್ಟನೇ ಸಾಲು, ಯಾವ ಪದ, ಆ ಪದದ ಜಾಗದಲ್ಲಿ ಇನ್ನೇನು ಬರೆಯಬಹುದಿತ್ತು? ಇಲ್ಲಿರುವ ಪಾಠಕ್ರಮವನ್ನು ಈ ಒಂದು ಪ್ರಶ್ನೆಯ ಸುತ್ತಲೇ ಕಟ್ಟಲಾಗಿದೆ. 13ರಿಂದ 18 ವಯಸ್ಸಿನವರಿಗೆ 45 ನಿಮಿಷದ ಏಳು ಪೀರಿಯಡ್‌ ಸಾಕು. ಸಮಯ ಸಾಲದಿದ್ದರೆ ಕೊನೆಯ ಎರಡನ್ನು ಬಿಡಿ. ಮೊದಲ ಮೂರನ್ನು ಬಿಟ್ಟರೆ ಉಳಿದದ್ದು ನಿಲ್ಲುವುದಿಲ್ಲ.

ಒಂದು ಮಾತನ್ನು ಮೊದಲೇ ಬೋರ್ಡಿನ ಮೇಲೆ ಬರೆದುಬಿಡಿ: ಪಕ್ಷಪಾತ ಬೇರೆ, ಸುಳ್ಳು ಬೇರೆ. ಸುಳ್ಳು ಸುದ್ದಿಯನ್ನು ಪತ್ತೆ ಹಚ್ಚುವುದು ಇನ್ನೊಂದು ಪಾಠ. ಒಂದು ವರದಿಯ ಪ್ರತಿ ವಾಕ್ಯವೂ ನಿಜವಾಗಿದ್ದು, ಒಟ್ಟು ವರದಿ ಒಂದು ಕಡೆಗೆ ವಾಲಿರಬಹುದು. ಮಕ್ಕಳು ಎಡವುವುದು ಇಲ್ಲೇ. "ಸರ್, ಇದರಲ್ಲಿ ತಪ್ಪೇನೂ ಇಲ್ಲವಲ್ಲ" ಎನ್ನುತ್ತಾರೆ. ತಪ್ಪಿಲ್ಲದಿರುವುದರಿಂದಲೇ ಅದನ್ನು ಕಾಣುವುದು ಕಷ್ಟ.

ಶಿಕ್ಷಕರ ತಯಾರಿ

ಒಂದೇ ಘಟನೆಯ ಬಗ್ಗೆ ಮೂರು ಸುದ್ದಿಮನೆಗಳು ಬರೆದ ಮೂರು ವರದಿಗಳು ಬೇಕು. ಎರಡು ಸಾಲದು. ಎರಡೇ ಇದ್ದರೆ ತರಗತಿ ಒಂದನ್ನು ಸಾಚಾ, ಇನ್ನೊಂದನ್ನು ಮೋಸ ಎಂದು ಐದು ನಿಮಿಷದಲ್ಲಿ ತೀರ್ಪು ಕೊಟ್ಟು ಪುಸ್ತಕ ಮುಚ್ಚುತ್ತದೆ. ಮೂರನೆಯದು ಸೇರಿದಾಗ ಆ ತೀರ್ಪು ಅಲುಗಾಡುತ್ತದೆ.

ಮೂರೂ ಒಂದೇ ದಿನದವಾಗಿರಲಿ. ಮರುದಿನದ ವರದಿಗೆ ಹೆಚ್ಚಿನ ಮಾಹಿತಿ ಸಿಕ್ಕಿರುತ್ತದೆ. ಆಗ ಕಾಣುವ ವ್ಯತ್ಯಾಸಕ್ಕೆ ಕಾರಣ ಕಾಲವೇ ಹೊರತು ಒಲವಲ್ಲ. ಮೂರರ ಮೊದಲೆರಡು ವಾಕ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅಕ್ಷರಶಃ ಒಂದೇ ಆಗಿದ್ದರೆ ಎಲ್ಲವೂ ಪತ್ರಿಕೆಗಳಿಗೆ ಸುದ್ದಿ ಒದಗಿಸುವ ಒಂದೇ ಸುದ್ದಿಸಂಸ್ಥೆಯ (ಏಜೆನ್ಸಿಯ) ಪ್ರತಿಯಿಂದಲೋ ಒಂದೇ ಪತ್ರಿಕಾ ಪ್ರಕಟಣೆಯಿಂದಲೋ ಬಂದಿವೆ ಎಂದರ್ಥ, ಹೋಲಿಕೆಗೆ ಬರುವುದಿಲ್ಲ. ಉದ್ದ 250ರಿಂದ 400 ಪದ. ಅದಕ್ಕಿಂತ ದೊಡ್ಡದಾದರೆ ಓದುವುದರಲ್ಲೇ ಪೀರಿಯಡ್‌ ಮುಗಿಯುತ್ತದೆ.

ಆಮೇಲೆ ಮೂರನ್ನೂ ಒಂದೇ ಅಕ್ಷರಶೈಲಿಯಲ್ಲಿ ಟೈಪ್ ಮಾಡಿಸಿ. ಪತ್ರಿಕೆಯ ಹೆಸರು, ವರದಿಗಾರರ ಹೆಸರು, ಫೋಟೊ, ತಲೆಬರಹ ಎಲ್ಲವನ್ನೂ ತೆಗೆದು ಬೇರೆ ಹಾಳೆಯಲ್ಲಿಡಿ. ವರದಿಗಳಿಗೆ ಅ, ಆ, ಇ ಎಂದು ಗುರುತು ಹಾಕಿ, ಪ್ರತಿ ಐದನೇ ಸಾಲಿಗೆ ಸಂಖ್ಯೆ ಕೊಡಿ, ಬಲಗಡೆ ಅಗಲವಾದ ಅಂಚು ಬಿಡಿ. ಈ ಸಾಲುಸಂಖ್ಯೆ ಸಣ್ಣ ವಿಷಯವೆಂದು ತೋರಬಹುದು. ಅದಿಲ್ಲದ ತರಗತಿಯಲ್ಲಿ ಚರ್ಚೆ "ಒಟ್ಟಾರೆ ನೋಡಿದರೆ" ಎಂದು ಶುರುವಾಗಿ ಅಲ್ಲಿಯೇ ಸುತ್ತುತ್ತದೆ. ಸಂಖ್ಯೆ ಇದ್ದರೆ "ಆ, 15ನೇ ಸಾಲು" ಎಂದು ಶುರುವಾಗುತ್ತದೆ.

ವಿಷಯದ ಆಯ್ಕೆಯಲ್ಲಿ ಹೆಚ್ಚಿನವರು ಮಾಡುವ ತಪ್ಪು, ಮಕ್ಕಳಿಗೆ ಆಸಕ್ತಿ ಇರಲಿ ಎಂದು ಮೊದಲ ದಿನವೇ ಚುನಾವಣೆ, ಧರ್ಮ ಇಂಥ ಬಿಸಿ ವಿಷಯಕ್ಕೆ ಕೈಹಾಕುವುದು. ಬಿಸಿ ವಿಷಯದಲ್ಲಿ ವಿದ್ಯಾರ್ಥಿಗೆ ಎದುರು ಪಕ್ಷದ ವಾಲಿಕೆ ಮಾತ್ರ ಕಾಣುತ್ತದೆ. ಇದು ನಮ್ಮ ನಿಮ್ಮ ಊಹೆಯಲ್ಲ. 1951ರಲ್ಲಿ ಅಮೆರಿಕದ ಡಾರ್ಟ್‌ಮತ್ ಮತ್ತು ಪ್ರಿನ್ಸ್‌ಟನ್ ಎಂಬ ಎರಡು ವಿದ್ಯಾಸಂಸ್ಥೆಗಳ ತಂಡಗಳ ನಡುವೆ ಭಾರಿ ಒರಟಾದ ಒಂದು ಅಮೆರಿಕನ್ ಫುಟ್‌ಬಾಲ್ ಪಂದ್ಯ ನಡೆಯಿತು. ಹೇಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ಮನಶ್ಶಾಸ್ತ್ರಜ್ಞರು ಆ ಪಂದ್ಯದ ಫಿಲ್ಮನ್ನು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿ, ನಿಯಮ ಮುರಿದದ್ದನ್ನೆಲ್ಲ ಗುರುತು ಹಾಕಿಕೊಳ್ಳಲು ಹೇಳಿದರು. ಡಾರ್ಟ್‌ಮತ್‌ನವರು ತಮ್ಮ ತಂಡದಲ್ಲಿ ಎಷ್ಟು ತಪ್ಪು ಕಂಡರೋ, ಅದೇ ತಂಡದಲ್ಲಿ ಪ್ರಿನ್ಸ್‌ಟನ್‌ನವರು ಅದರ ಎರಡು ಪಟ್ಟಿಗೂ ಹೆಚ್ಚು ಕಂಡರು. ಫಿಲ್ಮ್ ಮಾತ್ರ ಒಂದೇ. 1985ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 1982ರಲ್ಲಿ ಲೆಬನಾನಿನ ಬೈರೂತ್‌ನಲ್ಲಿ ನಡೆದ ಪ್ಯಾಲೆಸ್ಟೀನಿ ನಿರಾಶ್ರಿತರ ಹತ್ಯಾಕಾಂಡದ ಟಿವಿ ಸುದ್ದಿಗಳನ್ನು ಇಸ್ರೇಲ್ ಪರ ಮತ್ತು ಅರಬ್ ಪರ ಇರುವವರಿಗೆ ತೋರಿಸಿದರು. ಅದೇ ಸುದ್ದಿ ತಮ್ಮ ವಿರುದ್ಧ ವಾಲಿದೆ ಎಂದು ಎರಡೂ ಕಡೆಯವರು ದೂರಿದರು. ಹಾಗಾಗಿ ಮೊದಲ ನಾಲ್ಕು ಪೀರಿಯಡ್‌ಗಳಿಗೆ ತಂಪಾದ ವಿಷಯ ಸಾಕು: ಒಂದು ಸೇತುವೆಯ ಕಾಮಗಾರಿ, ಕ್ರೀಡಾಂಗಣದ ಜಾಗ, ಗ್ರಂಥಾಲಯದ ವೇಳೆ. ಹತ್ಯಾರ ಹಿಡಿಯುವುದನ್ನು ಕಲಿತ ಮೇಲೆ ಬಿಸಿ ಕಬ್ಬಿಣ.

ಮೊದಲನೆಯ ಪೀರಿಯಡ್‌: ಇದು ಯಾವ ಜಾತಿಯ ಬರಹ?

ಹತ್ತು ತುಣುಕುಗಳನ್ನು ಕತ್ತರಿಸಿ ತನ್ನಿ: ನಾಲ್ಕು ಸುದ್ದಿ, ಎರಡು ಅಂಕಣ, ಒಂದು ಸಂಪಾದಕೀಯ, ಒಂದು ವಿಶ್ಲೇಷಣೆ, ಸುದ್ದಿಯ ವೇಷದಲ್ಲಿರುವ ಎರಡು ಜಾಹೀರಾತು. ನಾಲ್ವರ ಗುಂಪುಗಳಿಗೆ ಎಂಟು ನಿಮಿಷ ಕೊಟ್ಟು ಬೇರ್ಪಡಿಸಲು ಹೇಳಿ. ಅಂಕಣಕಾರ ಒಂದು ಪಕ್ಷ ಹಿಡಿದರೆ ಅದು ಅವನ ಕೆಲಸ, ದೋಷವಲ್ಲ. ಸುದ್ದಿಯ ಪುಟದಲ್ಲಿ ಹಾಗೆ ಬರೆದರೆ ಮಾತ್ರ ಪ್ರಶ್ನೆ. ಈ ವಿಂಗಡಣೆ ಆಗದೆ ಮುಂದೆ ಹೋದರೆ ಮಕ್ಕಳು ಸಂಪಾದಕೀಯವನ್ನು ಹಿಡಿದು "ಪಕ್ಷಪಾತ ಸಿಕ್ಕಿತು" ಎಂದು ಬೀಗುತ್ತಾರೆ.

ಜಾಹೀರಾತಿನ ತುಣುಕುಗಳ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. 2016ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ ಪ್ರಕಟಿಸಿದ ಅಧ್ಯಯನದಲ್ಲಿ, 'ಪ್ರಾಯೋಜಿತ' ಎಂದು ಸ್ಪಷ್ಟವಾಗಿ ಬರೆದಿದ್ದ ಜಾಹೀರಾತನ್ನು ಅಮೆರಿಕದ ಮಾಧ್ಯಮಿಕ ಶಾಲೆಯ ಶೇ 80ಕ್ಕೂ ಹೆಚ್ಚು ಮಕ್ಕಳು ನಿಜವಾದ ಸುದ್ದಿಯೆಂದೇ ತಿಳಿದಿದ್ದರು. ಕೆಲವರಿಗೆ ಪದ ಕಣ್ಣಿಗೆ ಬಿದ್ದಿತ್ತು, ಅರ್ಥ ತಲೆಗೆ ಇಳಿದಿರಲಿಲ್ಲ. 'ಪ್ರಾಯೋಜಿತ', 'ಜಾಹೀರಾತು ವಿಶೇಷ', 'ಪಾಲುದಾರ ಬರಹ' ಇವೆಲ್ಲಕ್ಕೂ ದುಡ್ಡು ಕೊಟ್ಟು ಹಾಕಿಸಿದ್ದು ಎಂಬುದೇ ಅರ್ಥ ಎಂದು ನೇರವಾಗಿ ಹೇಳಿಬಿಡಿ.

ಎರಡನೆಯ ಪೀರಿಯಡ್‌: ವಿದ್ಯಾರ್ಥಿಗಳೇ ವಾಲಿಸಿ ಬರೆಯುವುದು

ಸಾಮಾನ್ಯವಾಗಿ ಈ ಅಭ್ಯಾಸವನ್ನು ಕೊನೆಗೆ ಇಡುತ್ತಾರೆ. ಎರಡನೆಯದಾಗಿಯೇ ಇಡಿ. ತನ್ನ ಕೈಯಾರೆ ವಾಲಿಸಿ ಬರೆದವನಿಗೆ ಬೇರೆಯವರ ಕೈಚಳಕ ಬೇಗ ಕಾಣುತ್ತದೆ.

ಕೆಳಗಿನಂಥ ಸಂಗತಿಪಟ್ಟಿಯೊಂದನ್ನು ಎಲ್ಲ ಗುಂಪಿಗೂ ಕೊಡಿ. ಘಟನೆ ಕಾಲ್ಪನಿಕ.

1. ಸಾರ್ವಜನಿಕ ಗ್ರಂಥಾಲಯದ ವೇಳೆ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಇತ್ತು. ಇನ್ನು ಮುಂದೆ 10ರಿಂದ 5.
2. ಮೂರು ವರ್ಷಗಳಲ್ಲಿ ದಿನದ ಸರಾಸರಿ ಓದುಗರು 400ರಿಂದ 300ಕ್ಕೆ ಇಳಿದಿದ್ದಾರೆ.
3. ಈಗಿನ 300ರಲ್ಲಿ 120 ಮಂದಿ ಬರುವುದು ಸಂಜೆ 5ರ ನಂತರ.
4. ಐವರು ಸಿಬ್ಬಂದಿಯಲ್ಲಿ ಇಬ್ಬರು ನಿವೃತ್ತರಾಗಿದ್ದು, ಆ ಹುದ್ದೆಗಳು ಖಾಲಿ ಇವೆ.
5. ಉಳಿಯುವ ಹಣದಲ್ಲಿ ಹೊಸ ಪುಸ್ತಕ ಕೊಳ್ಳುವುದಾಗಿ ಆಡಳಿತ ಮಂಡಳಿಯ ಅಧ್ಯಕ್ಷರು ಹೇಳಿದ್ದಾರೆ.
6. ಕಳೆದ ವರ್ಷ ಪುಸ್ತಕ ಖರೀದಿಗೆ ಇಟ್ಟ ಹಣದಲ್ಲಿ ಅರ್ಧ ಖರ್ಚಾಗದೆ ಉಳಿದಿತ್ತು.
7. ಆದೇಶ ವಿರೋಧಿಸಿ 60 ಮಂದಿ ಗ್ರಂಥಾಲಯದ ಎದುರು ಎರಡು ಗಂಟೆ ಕುಳಿತರು.
8. ಆ ದಿನ ಒಂದು ಕಿಟಕಿಯ ಗಾಜು ಒಡೆದಿದೆ. ಒಡೆದವರು ಯಾರೆಂದು ಗೊತ್ತಾಗಿಲ್ಲ.
9. ಪೊಲೀಸರು ಇಬ್ಬರನ್ನು ಠಾಣೆಗೆ ಕರೆದೊಯ್ದು ಸಂಜೆ ಬಿಟ್ಟರು.
10. ಕುಳಿತವರಲ್ಲಿ ಹೆಚ್ಚಿನವರು ಪರೀಕ್ಷೆಗೆ ಓದುತ್ತಿರುವವರು.
11. ನಿರ್ಧಾರ ಕೈಗೊಂಡ ಸಭೆಗೆ ಓದುಗರ ಪ್ರತಿನಿಧಿಯನ್ನು ಕರೆದಿರಲಿಲ್ಲ.

ಅರ್ಧ ಗುಂಪುಗಳು ಆಡಳಿತ ಮಂಡಳಿಗೆ ಒಲಿದು, ಉಳಿದರ್ಧ ಪ್ರತಿಭಟನೆಗೆ ಒಲಿದು 120 ಪದಗಳ ವರದಿ ಬರೆಯಬೇಕು. ನಿಯಮ ಎರಡೇ. ಪಟ್ಟಿಯಲ್ಲಿ ಇಲ್ಲದ್ದನ್ನು ಸೇರಿಸುವಂತಿಲ್ಲ. ಅಭಿಪ್ರಾಯವನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಸಮಯ 25 ನಿಮಿಷ. ನಿಮಗೆ ಸಿಗುವ ಬರಹಗಳು ಹೆಚ್ಚುಕಡಿಮೆ ಹೀಗಿರುತ್ತವೆ:

"ಓದುಗರ ಸಂಖ್ಯೆ ಕುಸಿದ ಹಿನ್ನೆಲೆಯಲ್ಲಿ ಗ್ರಂಥಾಲಯದ ವೇಳೆಯನ್ನು ಮರುಹೊಂದಿಸಲಾಗಿದ್ದು, ಉಳಿತಾಯದ ಹಣ ಹೊಸ ಪುಸ್ತಕಗಳಿಗೆ ಬಳಕೆಯಾಗಲಿದೆ. ಇದನ್ನು ವಿರೋಧಿಸಿ ಕೇವಲ 60 ಮಂದಿ ನಡೆಸಿದ ಧರಣಿ ವೇಳೆ ಕಿಟಕಿ ಗಾಜು ಪುಡಿಯಾಗಿದ್ದು, ಇಬ್ಬರನ್ನು ಪೊಲೀಸರು ಠಾಣೆಗೆ ಕರೆದೊಯ್ದರು."

"ಓದುಗರನ್ನು ಒಂದು ಮಾತೂ ಕೇಳದೆ ಗ್ರಂಥಾಲಯದ ಬಾಗಿಲನ್ನು ಸಂಜೆ ಐದಕ್ಕೇ ಮುಚ್ಚುವ ಆದೇಶ ಹೊರಬಿದ್ದಿದೆ. ದಿನವೂ ಸಂಜೆ ಬರುವ 120 ಓದುಗರು ಬೀದಿಪಾಲಾಗಿದ್ದು, ಶಾಂತವಾಗಿ ಕುಳಿತಿದ್ದ ಪರೀಕ್ಷಾರ್ಥಿಗಳನ್ನು ಪೊಲೀಸರು ಎಳೆದೊಯ್ದರು."

ಮೂರನೆಯ ಪೀರಿಯಡ್‌: ಬಿಡಿಸಿ ನೋಡುವುದು

ಗುಂಪುಗಳು ಬರಹ ಬದಲಿಸಿಕೊಳ್ಳಲಿ. ಕೆಂಪು ಪೆನ್ನಿನಲ್ಲಿ ಪಟ್ಟಿಯನ್ನು ಮೀರಿದ ಪದಗಳಿಗೆ, ನೀಲಿಯಲ್ಲಿ ಪಟ್ಟಿಯೊಳಗೇ ಇದ್ದು ವಾಲಿಸಿದ ಪದಗಳಿಗೆ ಅಡಿಗೆರೆ. ಈ ಎರಡು ಬಣ್ಣಗಳ ಗೆರೆಯೇ ಸುಳ್ಳಿಗೂ ಪಕ್ಷಪಾತಕ್ಕೂ ಇರುವ ಗಡಿ.

ಎರಡನೆಯ ಬರಹದಲ್ಲಿ ಕೆಂಪು ಹೆಚ್ಚು. ಪಟ್ಟಿಯಲ್ಲಿ ಇದ್ದದ್ದು "ಕರೆದೊಯ್ದರು", ಬರಹದಲ್ಲಿ "ಎಳೆದೊಯ್ದರು" ಆಗಿದೆ. "ಶಾಂತವಾಗಿ" ಪಟ್ಟಿಯಲ್ಲಿ ಇಲ್ಲವೇ ಇಲ್ಲ. "ಬೀದಿಪಾಲಾಗಿದ್ದು" ಎಂಬುದು ಮನೆ ಕಳೆದುಕೊಂಡವರ ಮಾತು, ಓದುವ ಜಾಗ ಕಳೆದುಕೊಂಡವರದ್ದಲ್ಲ. "ಒಂದು ಮಾತೂ ಕೇಳದೆ" ಎಂಬುದೂ ಮೀರಿದ್ದೇ. ಪ್ರತಿನಿಧಿಯನ್ನು ಸಭೆಗೆ ಕರೆದಿರಲಿಲ್ಲ ಎಂಬಷ್ಟೇ ನಮಗೆ ಗೊತ್ತು. "ಐದಕ್ಕೇ" ಎಂಬುದರ 'ಏ'ಗೆ ಮಾತ್ರ ನೀಲಿ ಗೆರೆ. ಒಂದಕ್ಷರ, ಆದರೆ ಇಡೀ ದೂರು ಅದರಲ್ಲಿದೆ.

ಮೊದಲನೆಯ ಬರಹ ಹೆಚ್ಚು ಜಾಣತನದ್ದು, ಆದ್ದರಿಂದ ಹೆಚ್ಚು ಹೊತ್ತು ಬೇಡುತ್ತದೆ. "ಕೇವಲ" ಎಲ್ಲರಿಗೂ ಸಿಗುತ್ತದೆ. "ಹಿನ್ನೆಲೆಯಲ್ಲಿ" ಯಾರಿಗೂ ಸಿಗುವುದಿಲ್ಲ, ಏಕೆಂದರೆ ಆ ಪದವನ್ನು ಪತ್ರಿಕೆಗಳಲ್ಲಿ ಓದಿ ಓದಿ ಅದು ಕಣ್ಣಿಗೆ ಕಾಣದಂತಾಗಿದೆ. ಓದುಗರು ಕಡಿಮೆಯಾದರು, ವೇಳೆ ಕಡಿಮೆಯಾಯಿತು ಎಂಬ ಎರಡು ಸಂಗತಿಗಳು ಪಟ್ಟಿಯಲ್ಲಿವೆ. ಮೊದಲನೆಯದರಿಂದ ಎರಡನೆಯದಾಯಿತು ಎಂದು ಎಲ್ಲಿಯೂ ಇಲ್ಲ. ಸಿಬ್ಬಂದಿ ಸಾಲದೆ ವೇಳೆ ಇಳಿಸಿರಬಹುದು. ನಾಲ್ಕನೆಯ ಸಂಗತಿ ಆ ಕಡೆಗೂ ಕೈ ತೋರಿಸುತ್ತದೆ. "ಹಿನ್ನೆಲೆಯಲ್ಲಿ" ಎಂಬ ಪದ ಕಾರಣವನ್ನು ಸಾಕ್ಷ್ಯವಿಲ್ಲದೆ ಹೆಣೆದುಬಿಟ್ಟಿತು. "ಧರಣಿ ವೇಳೆ" ಎಂಬುದರದ್ದೂ ಅದೇ ಕೆಲಸ: ಗಾಜು ಒಡೆದದ್ದು ಧರಣಿಯ ಹೊತ್ತಿನಲ್ಲೇ ಎಂದು ಪಟ್ಟಿ ಹೇಳಿಲ್ಲ, ಆ ದಿನ ಎಂದಷ್ಟೇ ಹೇಳಿದೆ. ಇದಕ್ಕೆ ಕೆಂಪು ಗೆರೆಯೇ ಆಗಬೇಕು. "ಒಡೆದ" ಗಾಜು "ಪುಡಿಯಾಗಿ", "ಕಡಿತ" ಎನ್ನಬೇಕಾದದ್ದು "ಮರುಹೊಂದಿಸಲಾಗಿದ್ದು" ಆಗಿದೆ. ಯಾರು ಮರುಹೊಂದಿಸಿದರು? 'ಲಾಗಿದೆ' ಎಂದು ಮುಗಿಯುವ ಕ್ರಿಯಾಪದ ಕಂಡಲ್ಲೆಲ್ಲ 'ಯಾರು?' ಎಂದು ಅಂಚಿನಲ್ಲಿ ಬರೆಯುವ ಅಭ್ಯಾಸ ಮಾಡಿಸಿ.

ಅಂಕಿಗಳನ್ನೂ ಇದೇ ಹೊತ್ತಿನಲ್ಲಿ ನೋಡಿಬಿಡಿ. ಓದುಗರ ಇಳಿಕೆ ಶೇ 25. ವೇಳೆ 12 ಗಂಟೆಯಿಂದ 7ಕ್ಕೆ, ಅಂದರೆ ಸುಮಾರು ಶೇ 42 ಕಡಿತ. ಉಳಿದ ಓದುಗರಲ್ಲಿ ಶೇ 40 ಮಂದಿ ಬರುವುದು ಕಡಿತವಾದ ಗಂಟೆಗಳಲ್ಲೇ. ಮೂರೂ ಲೆಕ್ಕ ಸರಿ. ಯಾವುದನ್ನು ತಲೆಬರಹಕ್ಕೆ ಏರಿಸುತ್ತೀರಿ ಎಂಬುದರ ಮೇಲೆ ಓದುವವರ ಅಭಿಪ್ರಾಯ ನಿಂತಿದೆ. ಪ್ರತಿ ಶೇಕಡಾವಾರಿನ ಪಕ್ಕದಲ್ಲೂ "ಎಷ್ಟರಲ್ಲಿ? ಯಾವಾಗಿನಿಂದ?" ಎಂದು ಕೇಳಿಸಿ. ನೂರಕ್ಕೆ ಎರಡಿದ್ದದ್ದು ಮೂರಾದರೆ "ಶೇ 50 ಏರಿಕೆ" ಎಂದೂ ಬರೆಯಬಹುದು, "ಶೇಕಡಾ ಒಂದು ಅಂಶ ಏರಿಕೆ" ಎಂದೂ ಬರೆಯಬಹುದು. ಗ್ರಾಫ್ ಇದ್ದರೆ ಲಂಬ ಅಕ್ಷ ಸೊನ್ನೆಯಿಂದ ಶುರುವಾಗಿದೆಯೇ ಎಂದು ಮೊದಲು ನೋಡಲಿ.

ನಾಲ್ಕನೆಯದು: ನಿಜವಾದ ವರದಿಗಳಲ್ಲಿ ಪದಗಳ ಬೇಟೆ

ಈಗ ಅ, ಆ, ಇ ವರದಿಗಳನ್ನು ಹೊರತೆಗೆಯಿರಿ. ಪದಕ್ಕೆ ಇಷ್ಟೊಂದು ಶಕ್ತಿ ಇದೆಯೇ ಎಂದು ಅನುಮಾನಿಸುವವರಿಗೆ ಲಾಫ್ಟಸ್ ಮತ್ತು ಪಾಮರ್ ಎಂಬ ಮನಶ್ಶಾಸ್ತ್ರಜ್ಞರ 1974ರ ಪ್ರಯೋಗ ಹೇಳಿ. ಕಾರು ಅಪಘಾತದ ಅದೇ ಫಿಲ್ಮುಗಳನ್ನು ನೋಡಿದ 45 ವಿದ್ಯಾರ್ಥಿಗಳಲ್ಲಿ, ಕಾರುಗಳು "ಅಪ್ಪಳಿಸಿದಾಗ" ವೇಗ ಎಷ್ಟಿತ್ತು ಎಂದು ಕೇಳಿಸಿಕೊಂಡವರು ಸರಾಸರಿ ಗಂಟೆಗೆ 40 ಮೈಲಿಗಿಂತ ತುಸು ಹೆಚ್ಚು ಎಂದರು. "ತಾಗಿದಾಗ" ಎಂದು ಕೇಳಿಸಿಕೊಂಡವರು 31.8 ಎಂದರು. ಇದನ್ನು ನಿಮ್ಮ ತರಗತಿಯಲ್ಲೂ ಮಾಡಿ ನೋಡಬಹುದು, ಆದರೆ ಇಪ್ಪತ್ತು ಮೂವತ್ತು ಮಕ್ಕಳಲ್ಲಿ ಫಲಿತಾಂಶ ಅಷ್ಟು ಚೊಕ್ಕವಾಗಿ ಬರದಿರಬಹುದು. ಬರದಿದ್ದರೆ ಸಣ್ಣ ಗುಂಪಿನ ಲೆಕ್ಕ ಅಲುಗಾಡುತ್ತದೆ ಎಂಬ ಪಾಠವಾದರೂ ಸಿಕ್ಕಿತು.

ಕನ್ನಡದ ವರದಿಯಲ್ಲಿ ಹುಡುಕಬೇಕಾದ ಜಾಗಗಳು ಇವು. ಮೊದಲನೆಯದು ಮಾತನ್ನು ಒಪ್ಪಿಸುವ ಕ್ರಿಯಾಪದ. "ಹೇಳಿದರು", "ತಿಳಿಸಿದರು" ಸಮತಟ್ಟು. "ಸ್ಪಷ್ಟಪಡಿಸಿದರು" ಎಂದರೆ ಹೇಳಿದ್ದು ನಿಜವೆಂದು ವರದಿಗಾರ ಒಪ್ಪಿಕೊಂಡಂತೆ. "ಸಮರ್ಥಿಸಿಕೊಂಡರು" ಎಂದರೆ ಎಲ್ಲೋ ತಪ್ಪಾಗಿದೆ ಎಂಬ ಸೂಚನೆ. "ಒಪ್ಪಿಕೊಂಡರು" ಎಂಬುದರಲ್ಲಿ ಮುಚ್ಚಿಟ್ಟದ್ದು ಹೊರಬಿತ್ತು ಎಂಬ ದನಿ. "ಕಿಡಿಕಾರಿದರು", "ಹರಿಹಾಯ್ದರು", "ಗುಡುಗಿದರು", "ಅಲವತ್ತುಕೊಂಡರು" ಎಂಬವು ಮಾತಿಗಿಂತ ಮುಖಭಾವವನ್ನೇ ವರದಿ ಮಾಡುತ್ತವೆ. ಅಭ್ಯಾಸ ಸರಳ: ವರದಿಯಲ್ಲಿರುವ ಇಂಥ ಕ್ರಿಯಾಪದಗಳನ್ನೆಲ್ಲ ಪಟ್ಟಿ ಮಾಡಿ, ಯಾವ ಕಡೆಯವರಿಗೆ ಯಾವುದು ಸಿಕ್ಕಿದೆ ಎಂದು ಎರಡು ಕಾಲಂ ಮಾಡುವುದು. ಒಂದು ಕಡೆಯವರು ಸದಾ "ಸ್ಪಷ್ಟಪಡಿಸುತ್ತ", ಇನ್ನೊಂದು ಕಡೆಯವರು ಸದಾ "ಆರೋಪಿಸುತ್ತ" ಇದ್ದರೆ ಹೇಳಲು ಬೇರೇನೂ ಉಳಿಯುವುದಿಲ್ಲ. ಒಂದು ಎಚ್ಚರಿಕೆ: ಸಾಬೀತಾಗದ ದೂರಿಗೆ "ಆರೋಪಿಸಿದರು" ಎಂಬುದು ಸರಿಯಾದ ಪದವೇ. ಅದನ್ನು ಕಂಡಕೂಡಲೇ ಗೆರೆ ಎಳೆಯುವುದು ಬೇಡ.

ಎರಡನೆಯದು ಏಕವಚನ, ಬಹುವಚನ. ಇದು ನಮ್ಮ ಭಾಷೆಯಲ್ಲಿ ಸಿಗುವ ಅಮೂಲ್ಯ ಸುಳಿವು. ಒಂದೇ ಬಗೆಯ ಆಪಾದನೆ ಹೊತ್ತ ಇಬ್ಬರಲ್ಲಿ ಒಬ್ಬ "ಸಿಕ್ಕಿಬಿದ್ದ", ಇನ್ನೊಬ್ಬರು "ಬಂಧನಕ್ಕೊಳಗಾದರು". ಒಬ್ಬನಿಗೆ "ಆತ", ಇನ್ನೊಬ್ಬರಿಗೆ "ಅವರು". ತೀರ್ಪು ಬರುವ ಮುನ್ನವೇ ವರದಿ ಯಾರಿಗೆ ಮರ್ಯಾದೆ ಉಳಿಸಿದೆ, ಯಾರಿಂದ ಕಿತ್ತುಕೊಂಡಿದೆ ಎಂದು ಎಣಿಸಬಹುದು. 'ಆರೋಪಿ' ಎಂಬ ಕಡೆ 'ಅಪರಾಧಿ', 'ಶಂಕಿತ' ಎಂಬ ಕಡೆ 'ಖದೀಮ' ಬಂದಿದ್ದರೆ ಅದೂ ಇದೇ ಲೆಕ್ಕಕ್ಕೆ.

ಉಳಿದವು ಬೇಗ ಮುಗಿಯುತ್ತವೆ. "ಲಘು ಲಾಠಿ ಪ್ರಹಾರ" ಎಂಬಲ್ಲಿ ಲಘು ಎಂದು ಅಳೆದವರು ಯಾರು, ಹೊಡೆದವರೋ ತಿಂದವರೋ? "ಕೇವಲ", "ಬರೋಬ್ಬರಿ", "ಅಷ್ಟೇ" ಇವನ್ನು ತೆಗೆದು ಸಂಖ್ಯೆಯನ್ನು ಮಾತ್ರ ಓದಿದರೆ ಹೇಗೆ ಕೇಳಿಸುತ್ತದೆ? "ಎನ್ನಲಾಗಿದೆ", "ಮೂಲಗಳು ತಿಳಿಸಿವೆ" ಎಂಬಲ್ಲಿ ಆ ಮೂಲಕ್ಕೆ ಹೆಸರು ಮುಚ್ಚಿಡಲು ಕಾರಣ ಕೊಟ್ಟಿದ್ದಾರೆಯೇ? ಮತ್ತೆ "ಆದರೆ". ಎರಡು ಸಂಗತಿಗಳ ನಡುವೆ ಅದು ಬಂದಾಗ ಓದುಗನ ಮನಸ್ಸಿನಲ್ಲಿ ನಿಲ್ಲುವುದು ಎರಡನೆಯದು. ವಾಕ್ಯವನ್ನು ತಿರುಗಿಸಿ ಓದಿಸಿ. ಸಂಗತಿಗಳು ಹಾಗೇ ಇರುತ್ತವೆ, ತೂಕ ಜಾಗ ಬದಲಿಸುತ್ತದೆ.

ಐದನೆಯದು: ಯಾರ ಬಾಯಿಗೆ ಎಷ್ಟು ಪದ

ಪ್ರತಿ ವರದಿಗೂ ನಾಲ್ಕು ಕಾಲಮ್ಮಿನ ಕೋಷ್ಟಕ: ಮಾತಾಡಿದವರು ಯಾರು, ಎಷ್ಟು ಪದ, ಅವರ ಮಾತಿನಲ್ಲೋ ವರದಿಗಾರರ ಮಾತಿನಲ್ಲೋ, ಎಷ್ಟನೇ ಪ್ಯಾರಾದಲ್ಲಿ. ಪದ ಎಣಿಸುವುದು ಬೇಸರದ ಕೆಲಸ, ಮಕ್ಕಳು ಗೊಣಗುತ್ತಾರೆ, ಆದರೂ ಅಂದಾಜಿಗೆ ಬಿಡಬೇಡಿ. ಓದುವಾಗ ಎರಡೂ ಕಡೆಗೆ ಸಮ ಅವಕಾಶ ಸಿಕ್ಕಿದೆ ಎನ್ನಿಸಿದ ವರದಿಯಲ್ಲಿ ಎಣಿಸಿದರೆ ಅಧಿಕಾರಿಗೆ 90 ಪದ, ದೂರಿದವರಿಗೆ 14 ಪದ ಸಿಕ್ಕಿರುವುದು ಅಪರೂಪವಲ್ಲ. ಜಾಗವೂ ಮುಖ್ಯ. ಸುದ್ದಿಯನ್ನು ಮುಖ್ಯವಾದದ್ದು ಮೇಲೆ, ಉಳಿದದ್ದು ಕೆಳಗೆ ಎಂಬ ಕ್ರಮದಲ್ಲಿ ಬರೆಯುತ್ತಾರೆ. ಪುಟದಲ್ಲಿ ಜಾಗ ಸಾಲದಾಗ ಡೆಸ್ಕಿನಲ್ಲಿ, ಅಂದರೆ ವರದಿಗಳನ್ನು ತಿದ್ದುವ ವಿಭಾಗದಲ್ಲಿ, ಕತ್ತರಿ ಬೀಳುವುದು ಕೆಳಗಿನಿಂದ. ಕೊನೆಯ ಪ್ಯಾರಾದಲ್ಲಿ ಕೂತ ದನಿ ಅನೇಕರ ಕಣ್ಣಿಗೂ ಬೀಳುವುದಿಲ್ಲ.

ಎಣಿಕೆಯಿಂದ ಇನ್ನೊಂದು ತಪ್ಪು ಹುಟ್ಟುತ್ತದೆ: 50ಕ್ಕೆ 50 ಬಂದರೆ ನ್ಯಾಯ ಎಂದುಕೊಳ್ಳುವುದು. ಎರಡು ಅಭಿಪ್ರಾಯಗಳ ಜಗಳದಲ್ಲಿ ಅದು ಸರಿ. ಸಾಕ್ಷ್ಯ ಒಂದೇ ಕಡೆ ಇರುವ ವಿಷಯದಲ್ಲಿ ಸಮಪಾಲು ಹಂಚುವುದೇ ವಾಲಿಕೆ. ಮ್ಯಾಕ್ಸ್‌ವೆಲ್ ಬಾಯ್ಕಾಫ್ ಮತ್ತು ಜೂಲ್ಸ್ ಬಾಯ್ಕಾಫ್ 2004ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ಉದಾಹರಣೆ. 1988ರಿಂದ 2002ರವರೆಗೆ ಅಮೆರಿಕದ ನಾಲ್ಕು ದೊಡ್ಡ ಪತ್ರಿಕೆಗಳ ಹವಾಮಾನ ವರದಿಗಳನ್ನು ಅವರು ಪರಿಶೀಲಿಸಿದರು. ಭೂಮಿ ಬಿಸಿಯಾಗುವುದಕ್ಕೆ ಮನುಷ್ಯ ಕಾರಣ, ಅಲ್ಲ ಅದು ಸಹಜ ಏರಿಳಿತ ಎಂಬ ಎರಡು ವಾದಗಳಿಗೆ ಅರ್ಧಕ್ಕೂ ಹೆಚ್ಚು ವರದಿಗಳು ಹೆಚ್ಚುಕಡಿಮೆ ಸಮ ತೂಕ ಕೊಟ್ಟಿದ್ದವು. ವಿಜ್ಞಾನಿಗಳ ನಡುವೆ ಅಂಥ ಸಮಬಲದ ವಾದವೇ ಇರಲಿಲ್ಲ.

ಆರನೆಯದು: ಇಲ್ಲದ್ದನ್ನು ಕಾಣುವುದು

ಎಲ್ಲಕ್ಕಿಂತ ಕಷ್ಟವಾದದ್ದು ಇದು. ಒಂದೇ ವರದಿ ಓದಿದವನಿಗೆ ಬಿಟ್ಟುಹೋದದ್ದು ಎಂದಿಗೂ ಕಾಣದು. ಮೂರು ವರದಿಗಳಲ್ಲಿರುವ ಸಂಗತಿಗಳನ್ನೆಲ್ಲ ಒಂದರ ಕೆಳಗೊಂದು ಬರೆದು, ಎದುರಿಗೆ ಅ, ಆ, ಇ ಕಾಲಂ ಹಾಕಿ, ಇದ್ದಲ್ಲಿ ಟಿಕ್ ಹಾಕಿಸಿ. ಸಾಮಾನ್ಯವಾಗಿ 15ರಿಂದ 20 ಸಾಲಾಗುತ್ತದೆ. ಮೂರರಲ್ಲೂ ಟಿಕ್ ಬಿದ್ದದ್ದು ಗಟ್ಟಿ ನೆಲ. ಖಾಲಿ ಮನೆಗಳು ಚರ್ಚೆಗೆ.

ಖಾಲಿ ಮನೆ ಕಂಡಕೂಡಲೇ "ಮುಚ್ಚಿಟ್ಟಿದ್ದಾರೆ" ಎಂದು ಕೂಗುವುದು ಸುಲಭ. ಮೂರು ಕಾರಣಗಳನ್ನು ಎದುರಿಗಿಡಿ: ಪುಟ ಮುಗಿಸುವ ಹೊತ್ತಿಗೆ ಅವರಿಗೆ ಗೊತ್ತಿರಲಿಲ್ಲ, ಜಾಗವಿರಲಿಲ್ಲ, ಬೇಕೆಂದೇ ಬಿಟ್ಟರು. ಯಾವುದು ಎಂದು ಹೊರಗಿನಿಂದ ಖಚಿತವಾಗಿ ಹೇಳಲಾಗದು. ಆದರೆ ಬಿಟ್ಟುಹೋದದ್ದರ ತೂಕವನ್ನು ಅಳೆಯಲು ಒಂದು ಪರೀಕ್ಷೆ ಇದೆ: ಆ ಸಂಗತಿಯನ್ನು ಒಳಗೆ ಸೇರಿಸಿದರೆ ಅದೇ ತಲೆಬರಹ ನಿಲ್ಲುತ್ತದೆಯೇ? "ಉಳಿತಾಯದ ಹಣದಲ್ಲಿ ಹೊಸ ಪುಸ್ತಕ" ಎಂಬ ತಲೆಬರಹದ ಕೆಳಗೆ, ಕಳೆದ ವರ್ಷದ ಪುಸ್ತಕದ ಹಣದಲ್ಲಿ ಅರ್ಧ ಹಾಗೇ ಉಳಿದಿತ್ತು ಎಂದು ಸೇರಿಸಿ ನೋಡಿ. ತಲೆಬರಹ ಕಾಲು ಮುರಿದುಕೊಳ್ಳುತ್ತದೆ. ಸೇರಿಸಿದರೂ ಏನೂ ಬದಲಾಗದಿದ್ದರೆ ಅದು ಬಿಟ್ಟುಹೋದದ್ದು ದೊಡ್ಡ ವಿಷಯವಲ್ಲ, ಮುಂದಕ್ಕೆ ಹೋಗಿ.

ಈಗ ತಲೆಬರಹಗಳ ಹಾಳೆ ತೆಗೆಯಿರಿ. ಅದಕ್ಕೆ ಮುಂಚೆ ಪ್ರತಿ ಗುಂಪೂ ಪ್ರತಿ ವರದಿಗೆ ಆರು ಪದ ಮೀರದ ತಲೆಬರಹ ಬರೆದಿಟ್ಟುಕೊಂಡಿರಲಿ. ಹೋಲಿಸಿದಾಗ ವರದಿಯ ಹೊಟ್ಟೆಯಲ್ಲಿ ಇಲ್ಲದ್ದು ತಲೆಯಲ್ಲಿ ಕುಳಿತಿರುವುದು ಕೆಲವೊಮ್ಮೆ ಸಿಗುತ್ತದೆ. ತಲೆಬರಹವನ್ನು ಹೆಚ್ಚಾಗಿ ವರದಿಗಾರರಲ್ಲ, ಡೆಸ್ಕಿನ ಉಪಸಂಪಾದಕರು ಕೊಡುತ್ತಾರೆ ಎಂದು ಆಗ ತಿಳಿಸಿ. ಫೋಟೊಗೆ ಐದು ನಿಮಿಷ ಸಾಕು: ಜನರ ಮುಖದ ಮಟ್ಟದಿಂದ ತೆಗೆದ ಚಿತ್ರದಲ್ಲಿ 60 ಮಂದಿ ಜನಸಾಗರ, ಮಹಡಿಯಿಂದ ತೆಗೆದದ್ದರಲ್ಲಿ ಖಾಲಿ ಅಂಗಳದ ಮೂಲೆ.

ವರದಿಯೊಳಗೆ ಬಿಟ್ಟದ್ದಾಯಿತು, ಪುಟಕ್ಕೇ ಬರದೆ ಹೋದದ್ದು? 1949ರಲ್ಲಿ ಡೇವಿಡ್ ಮ್ಯಾನಿಂಗ್ ವೈಟ್ ಅಮೆರಿಕದ ಒಂದು ಪತ್ರಿಕೆಯ ಸುದ್ದಿ ಸಂಪಾದಕರಿಂದ, ಒಂದು ವಾರ ಅವರು ತಿರಸ್ಕರಿಸಿದ ಪ್ರತಿ ಏಜೆನ್ಸಿ ಸುದ್ದಿಯ ಮೇಲೂ ಕಾರಣ ಬರೆಸಿದರು. ಬಂದದ್ದರಲ್ಲಿ ಸುಮಾರು ಹತ್ತರಲ್ಲೊಂದು ಪಾಲಷ್ಟೇ ಅಚ್ಚಾಗಿತ್ತು. ಬಹಳಷ್ಟು ಕಡೆ ಕಾರಣ ಬರೀ 'ಜಾಗವಿಲ್ಲ'. ಕೆಲವು ಕಡೆ ಸಂಪಾದಕರ ಸ್ವಂತ ಇಷ್ಟಾನಿಷ್ಟಗಳು ಇಣುಕಿದ್ದವು. ಇದನ್ನೇ ಚಿಕ್ಕದಾಗಿ ಮಾಡಿಸಿ: 20 ತಲೆಬರಹ ಕೊಟ್ಟು, ಐದಕ್ಕೆ ಮಾತ್ರ ಜಾಗ, ಹತ್ತು ನಿಮಿಷ, ಬಿಟ್ಟ ಹದಿನೈದಕ್ಕೂ ಒಂದೊಂದು ಪದದ ಕಾರಣ. ಗುಂಪುಗಳ ಮುಖಪುಟಗಳನ್ನು ಗೋಡೆಗೆ ಅಂಟಿಸಿ.

ಏಳನೆಯದು: ವರದಿಯನ್ನು ಬಿಟ್ಟು ಹೊರಗೆ

ಇಲ್ಲಿಯವರೆಗೆ ಹಾಳೆಯ ಒಳಗೇ ಇದ್ದೆವು. ಗುರುತಿಲ್ಲದ ಜಾಲತಾಣ ಸಿಕ್ಕಾಗ ಒಳಗೇ ಕುಳಿತರೆ ಮೋಸ ಹೋಗುತ್ತೇವೆ. ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ 10 ಇತಿಹಾಸಕಾರರು, 10 ವೃತ್ತಿನಿರತ ಸತ್ಯಪರಿಶೀಲಕರು ಮತ್ತು 25 ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳಿಗೆ ಒಂದೇ ಜಾಲತಾಣಗಳನ್ನು ತೋರಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಇತಿಹಾಸಕಾರರು ಮತ್ತು ವಿದ್ಯಾರ್ಥಿಗಳಲ್ಲಿ ಅನೇಕರು ಪುಟದಲ್ಲೇ ಮೇಲಿಂದ ಕೆಳಗೆ ಓದುತ್ತ ಲೋಗೊ, ವಿನ್ಯಾಸಗಳಿಗೆ ಮರುಳಾದರು. ಸತ್ಯಪರಿಶೀಲಕರು ಪುಟವನ್ನು ಬೇಗನೆ ಬಿಟ್ಟು, ಹೊಸ ಟ್ಯಾಬ್‌ಗಳನ್ನು ತೆರೆದು, ಈ ಸಂಸ್ಥೆಯ ಬಗ್ಗೆ ಬೇರೆಯವರು ಏನನ್ನುತ್ತಾರೆ ಎಂದು ನೋಡಿದರು; ಕಡಿಮೆ ಹೊತ್ತಿನಲ್ಲಿ ಹೆಚ್ಚು ಸರಿಯಾದ ತೀರ್ಮಾನಕ್ಕೆ ಬಂದರು. ತರಗತಿಯಲ್ಲಿ: ಒಂದು ಅಪರಿಚಿತ ತಾಣ, ಐದು ನಿಮಿಷ, ತಾಣದೊಳಗೆ 30 ಸೆಕೆಂಡ್‌ಗಿಂತ ಹೆಚ್ಚು ಇರುವಂತಿಲ್ಲ. ಯಾರು ನಡೆಸುತ್ತಾರೆ, ಹಣ ಎಲ್ಲಿಂದ, ಯಾರು ಟೀಕಿಸಿದ್ದಾರೆ ಎಂಬ ಮೂರಕ್ಕೆ ಹೊರಗಿನಿಂದ ಉತ್ತರ ತರಬೇಕು.

ದಾರಿ ತಪ್ಪುವ ಜಾಗಗಳು

ದೊಡ್ಡ ಅಪಾಯ ಸಿನಿಕತನ. ಮೂರನೆಯ ವಾರಕ್ಕೆ "ಎಲ್ಲರೂ ಒಂದೇ, ಯಾರನ್ನೂ ನಂಬಬಾರದು" ಎಂಬ ಮಾತು ಕೇಳಿಬಂದರೆ ಪಾಠ ಕೆಟ್ಟಿದೆ ಎಂದೇ ತಿಳಿಯಿರಿ. ಎಲ್ಲರನ್ನೂ ನಂಬುವವನಂತೆ ಯಾರನ್ನೂ ನಂಬದವನಿಗೂ ಓದುವ ಶ್ರಮ ಉಳಿಯಿತು, ಅಷ್ಟೇ. ಇದಕ್ಕೆ ಮದ್ದು, ಪ್ರತಿ ದೋಷಕ್ಕೆ ಪ್ರತಿಯಾಗಿ ಅದೇ ವರದಿ ಸರಿಯಾಗಿ ಮಾಡಿದ ಒಂದನ್ನು ಬರೆಸುವುದು: ದಾಖಲೆಯನ್ನು ಹೆಸರಿಸಿದೆ, ಎದುರು ಪಕ್ಷಕ್ಕೆ ಫೋನ್ ಮಾಡಿ ಕೇಳಿದೆ, ಹಿಂದಿನ ತಪ್ಪನ್ನು ತಿದ್ದುಪಡಿಯಲ್ಲಿ ಒಪ್ಪಿಕೊಂಡಿದೆ.

ಇನ್ನೊಂದು, ಒಂದು ವರದಿಯಿಂದ ಇಡೀ ಪತ್ರಿಕೆಗೆ ಹಾರುವುದು. ಒಂದು ವರದಿ ವಾಲಿದ್ದರೆ ಆ ವರದಿ ವಾಲಿದೆ ಎನ್ನಬಹುದು. ಪತ್ರಿಕೆಯ ಬಗ್ಗೆ ಮಾತಾಡಬೇಕಾದರೆ ಅದೇ ವಿಷಯದ ಕನಿಷ್ಠ 20 ವರದಿಗಳನ್ನು ಒಂದು ತಿಂಗಳ ಅವಧಿಯಿಂದ ತೆಗೆದು ಎಣಿಸಬೇಕು. ಎಡ, ಬಲ, ಪರ, ವಿರೋಧಿ ಎಂಬ ಹಣೆಪಟ್ಟಿಗಳನ್ನು ಏಳೂ ಪೀರಿಯಡ್‌ಗಳಲ್ಲಿ ನಿಷೇಧಿಸಿಬಿಡಿ. ಶಿಕ್ಷಕರಿಗೂ ಅದೇ ನಿಯಮ: ನಿಮ್ಮ ಮೆಚ್ಚಿನ ಪತ್ರಿಕೆಯ ವರದಿಯೂ ಆ ಮೂರರಲ್ಲಿ ಇರಲಿ, ಅದಕ್ಕೆ ಮೊದಲ ಗೆರೆ ನೀವೇ ಎಳೆಯಿರಿ.

ಅಂಕ ಕೊಡುವಾಗ ಹತ್ತಕ್ಕೆ ಹೀಗೆ ಹಂಚಿ. ಸಾಲು ಮತ್ತು ಪದ ತೋರಿಸಿದ್ದಕ್ಕೆ 4, ಸಮತಟ್ಟಾದ ಬದಲಿ ವಾಕ್ಯ ಬರೆದದ್ದಕ್ಕೆ 2, ಪಕ್ಷಪಾತವಲ್ಲದೆ ಬೇರೆ ಕಾರಣ ಇರಬಹುದೇ ಎಂದು ಯೋಚಿಸಿದ್ದಕ್ಕೆ 2, ವರದಿ ಸರಿಯಾಗಿ ಮಾಡಿದ್ದನ್ನು ಗುರುತಿಸಿದ್ದಕ್ಕೆ 2. "ಪಕ್ಷಪಾತವಿದೆ" ಎಂಬ ತೀರ್ಮಾನಕ್ಕೆ ಸೊನ್ನೆ. ಕೊನೆಯ ಪರೀಕ್ಷೆಗೆ ಪ್ರತಿಯೊಬ್ಬರೂ ತಮಗೆ ಪೂರ್ತಿ ಒಪ್ಪಿಗೆಯಾಗುವ ಒಂದು ವರದಿಯನ್ನು ಆರಿಸಿ ತರಲಿ, ಅದನ್ನೇ ಬಿಡಿಸಲಿ. ನೀವು ಕೊಡುವ ಪ್ರಶ್ನೆಪತ್ರಿಕೆಯಲ್ಲಿ ನಾಲ್ಕು ವರದಿಗಳಿದ್ದರೆ ಒಂದು ಸೊಟ್ಟವಿಲ್ಲದ, ನೆಟ್ಟಗಿನ ವರದಿಯಾಗಿರಲಿ. ಅದರಲ್ಲೂ ಪಕ್ಷಪಾತ ಹಿಡಿದು ತಂದವರಿಗೆ ಅಂಕ ಕಳೆಯಿರಿ. ಹುಡುಕಿದೆ, ಈ ಈ ಜಾಗ ನೋಡಿದೆ, ಸಿಗಲಿಲ್ಲ ಎಂದು ಸಾಲುಸಂಖ್ಯೆ ಸಮೇತ ಬರೆದವರಿಗೆ ಪೂರ್ತಿ ಕೊಡಿ.